ಸುಪಾರಿಯ ಹಣ ಯಾವ ಖಾತೆಯಿಂದ ಬಂತು?

ಪ್ರಶ್ನೆ: ನಾನು ಚಿತ್ರದುರ್ಗದವಳು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೂರು ವರ್ಷಗಳಿಂದ ಒಂದು ಬೇಹುಗಾರಿಕೆಯ ಕಾದಂಬರಿ ಬರೆಯುತ್ತಿದ್ದೇನೆ. ಯುರೋಪಿನ ದೊಡ್ಡ ಬ್ಯಾಂಕೊಂದು ಶಸ್ತ್ರಾಸ್ತ್ರ ವ್ಯಾಪಾರಕ್ಕೆ ಗುಟ್ಟಾಗಿ ಹಣ ಒದಗಿಸುತ್ತಿರುತ್ತದೆ. ಅದನ್ನು ಬಯಲಿಗೆಳೆಯಲು ಹೊರಟ ರಾಜಕಾರಣಿಯನ್ನು ಚುನಾವಣಾ ಸಭೆಯಲ್ಲಿ ಕೊಲ್ಲಿಸುತ್ತದೆ. ದಾವಣಗೆರೆಯಿಂದ ಹೋಗಿ ಲಂಡನ್ನಿನಲ್ಲಿ ಕೆಲಸ ಮಾಡುವ ಬ್ಯಾಂಕ್ ಉದ್ಯೋಗಿ ನನ್ನ ನಾಯಕ. ಅವನಿಗೆ ಸ್ವಿಸ್ ಬ್ಯಾಂಕಿನ ಗುಪ್ತ ಖಾತೆಯ ಸಂಖ್ಯೆ ಸಿಗುತ್ತದೆ, ಆಮೇಲೆ ಒಂದು ಡೈರಿ ಸಿಗುತ್ತದೆ, ಅಪರಾಧಿಗಳು ಸಿಕ್ಕಿಬೀಳುತ್ತಾರೆ. ಓದಿದ ಗೆಳತಿಯರು, ‘ಬ್ಯಾಂಕಿನವರು ಎಲ್ಲಾದರೂ ಕೊಲೆ ಮಾಡಿಸುತ್ತಾರೆಯೇ, ನಂಬುವ ಹಾಗಿಲ್ಲ’ ಎನ್ನುತ್ತಾರೆ. ಇಂಥದ್ದು ನಿಜವಾಗಿ ನಡೆದಿದೆಯೇ? ಕೊಂದವನಿಂದ ಕೊಲ್ಲಿಸಿದವನ ತನಕ ಹಣದ ಜಾಡು ಹಿಡಿದು ಹೋಗಲು ಸಾಧ್ಯವೇ?

ಉತ್ತರ: ನಿಮ್ಮ ಪ್ರಶ್ನೆಯನ್ನೂ ಅದರ ಜೊತೆಗಿದ್ದ ಕಥಾಸಾರವನ್ನೂ ಎರಡು ಸಲ ಓದಿದೆ. ದಾವಣಗೆರೆಯ ಶಾಖೆಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಮುಂದೆ ತಪಾಸಣಾ ವಿಭಾಗದಲ್ಲಿ ಹಲವು ವರ್ಷ ಊರೂರಿನ ಲೆಕ್ಕ ನೋಡಿ, ಕೊನೆಗೆ ಶಂಕಾಸ್ಪದ ವಹಿವಾಟುಗಳನ್ನು ಗುರುತಿಸಿ ವರದಿ ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಆದ್ದರಿಂದ ಉತ್ತರವನ್ನು ಹಣದ ಕಡೆಯಿಂದಲೇ ಹೇಳುತ್ತೇನೆ. ನಿಮ್ಮ ಗೆಳತಿಯರು ನಂಬಲಾಗದು ಎಂದ ಭಾಗ ಜಗತ್ತಿನಲ್ಲಿ ನಡೆದದ್ದೇ ಆಗಿದೆ. ಅವರು ಪ್ರಶ್ನಿಸದೆ ಬಿಟ್ಟ ಭಾಗ, ಅಂದರೆ ಒಂದು ಖಾತೆ ಸಂಖ್ಯೆ ಮತ್ತು ಒಂದು ಡೈರಿ ಕೈಗೆ ಬಂದ ಕೂಡಲೇ ದೊಡ್ಡವರೆಲ್ಲ ಸಿಕ್ಕಿಬೀಳುವುದು, ನಡೆಯುವಂಥದ್ದಲ್ಲ.

ಮೊದಲು ಇಟಲಿಯ ಮಿಲಾನ್ ನಗರದ ಸಂಗತಿ. ಮಿಕೇಲೆ ಸಿಂದೋನಾ ಎಂಬ ಸಿಸಿಲಿ ಮೂಲದ ಹಣಕಾಸುಗಾರ ಇಟಲಿಯಲ್ಲಿ ಬ್ಯಾಂಕುಗಳನ್ನು ಕೈವಶ ಮಾಡಿಕೊಂಡು, ಅಮೆರಿಕದ ಫ್ರಾಂಕ್ಲಿನ್ ನ್ಯಾಷನಲ್ ಬ್ಯಾಂಕಿನ ಮೇಲೂ ಹಿಡಿತ ಸಾಧಿಸಿದ್ದ. 1974ರಲ್ಲಿ ಎರಡೂ ಕಡೆ ಅವನ ಸಾಮ್ರಾಜ್ಯ ಕುಸಿಯಿತು. ಕುಸಿದ ಇಟಾಲಿಯನ್ ಬ್ಯಾಂಕಿನ ಲೆಕ್ಕ ಬಗೆಹರಿಸಿ ಮುಚ್ಚುವ ಹೊಣೆಯನ್ನು ಅಲ್ಲಿನ ಕೇಂದ್ರ ಬ್ಯಾಂಕು ಜಾರ್ಜೋ ಅಂಬ್ರೋಸೋಲಿ ಎಂಬ ವಕೀಲರಿಗೆ ವಹಿಸಿತು. ಅವರು ಪೊಲೀಸರಲ್ಲ, ಗೂಢಚಾರರಲ್ಲ. ಕನ್ನಡಕ ಸರಿಪಡಿಸಿಕೊಳ್ಳುತ್ತ ಲೆಡ್ಜರಿನ ಒಂದೊಂದು ಸಾಲನ್ನೂ ತಾಳೆ ನೋಡುವ ಜಾತಿಯ ಮನುಷ್ಯ ಎಂದು ಅವರ ಕೆಲಸವನ್ನು ಓದಿದಾಗಲೆಲ್ಲ ನನಗೆ ಅನ್ನಿಸಿದೆ. ಐದು ವರ್ಷ ಆ ಲೆಕ್ಕಗಳಲ್ಲೇ ಕುಳಿತು, ಠೇವಣಿದಾರರ ಹಣ ಯಾವ ಯಾವ ದೇಶದ ಯಾವ ಯಾವ ಹೆಸರಿನ ಕಂಪನಿಗಳ ಮೂಲಕ ತಿರುಗಿ ಸಿಂದೋನಾನ ಕೈಸೇರಿತು ಎಂಬುದನ್ನು ಬಿಡಿಸಿಟ್ಟರು. ಬ್ಯಾಂಕನ್ನು ಸಾರ್ವಜನಿಕ ಹಣದಿಂದ ಉಳಿಸಿಕೊಡಬೇಕೆಂಬ ರಾಜಕೀಯ ಒತ್ತಡ ಬಂತು, ಒಪ್ಪಲಿಲ್ಲ. ಬೆದರಿಕೆಯ ಫೋನ್ ಕರೆಗಳು ಬಂದವು, ಅವನ್ನು ಧ್ವನಿಮುದ್ರಿಸಿಟ್ಟುಕೊಂಡರು. ಈ ಕೆಲಸಕ್ಕೆ ತಾನು ದುಬಾರಿ ಬೆಲೆ ತೆರಬೇಕಾದೀತು, ಆದರೆ ದೇಶಕ್ಕೆ ಏನಾದರೂ ಮಾಡಲು ಸಿಕ್ಕಿದ ಅವಕಾಶವೆಂದು ಇದನ್ನು ತಿಳಿದಿದ್ದೇನೆ, ದೂರುವುದಿಲ್ಲ ಎಂಬರ್ಥದ ಪತ್ರವೊಂದನ್ನು ಹೆಂಡತಿಗಾಗಿ 1975ರಲ್ಲೇ ಬರೆದಿಟ್ಟಿದ್ದರು.

1979ರ ಜುಲೈ 11ರ ರಾತ್ರಿ ಗೆಳೆಯರೊಂದಿಗೆ ಊಟ ಮುಗಿಸಿ ಮನೆಗೆ ಬಂದ ಅವರನ್ನು ಬಾಗಿಲ ಬಳಿ ಒಬ್ಬ ಅಪರಿಚಿತ ಹೆಸರು ಹಿಡಿದು ವಿಚಾರಿಸಿದ. ಹೌದು ಎಂದ ಮೇಲೆ ಕ್ಷಮೆ ಕೇಳಿ ಗುಂಡು ಹಾರಿಸಿದ. ಅಮೆರಿಕದ ತನಿಖೆಗಾಗಿ ಕೊಟ್ಟ ಹೇಳಿಕೆಗೆ ಮರುದಿನ ಬೆಳಿಗ್ಗೆ ಅವರು ಸಹಿ ಹಾಕುವುದಿತ್ತು. ಹಂತಕನನ್ನು ಅಮೆರಿಕದಿಂದ ಬಾಡಿಗೆಗೆ ಕರೆಸಲಾಗಿತ್ತು. ಸಿಂದೋನಾನೇ ಈ ಕೊಲೆ ಮಾಡಿಸಿದನೆಂದು ನ್ಯಾಯಾಲಯ ತೀರ್ಮಾನಿಸಿ ಜೀವಾವಧಿ ಶಿಕ್ಷೆ ಕೊಟ್ಟದ್ದು 1986ರ ಮಾರ್ಚಿನಲ್ಲಿ, ಅಂದರೆ ಸುಮಾರು ಏಳು ವರ್ಷಗಳ ನಂತರ. ತೀರ್ಪಿನ ಎರಡೇ ದಿನಕ್ಕೆ ಜೈಲಿನಲ್ಲಿ ಕುಡಿದ ಕಾಫಿಯಲ್ಲಿ ಸಯನೈಡ್ ಇತ್ತು, ಅವನೂ ತೀರಿಕೊಂಡ. ನಿಮ್ಮ ಗೆಳತಿಯರಿಗೆ ಇದಿಷ್ಟನ್ನೇ ಹೇಳಿ ನೋಡಿ. ಬ್ಯಾಂಕು ಎಂಬ ಸಂಸ್ಥೆ ಗೊತ್ತುವಳಿ ಮಾಡಿ ಯಾರನ್ನೂ ಕೊಲ್ಲಿಸುವುದಿಲ್ಲ. ಆದರೆ ಬ್ಯಾಂಕಿನ ಒಳಗಿನ ಕಳ್ಳತನದಿಂದ ಬದುಕುವ ವ್ಯಕ್ತಿ, ಲೆಕ್ಕ ಓದಬಲ್ಲವನನ್ನು ಕೊಲ್ಲಿಸಿದ್ದಾನೆ. ನಿಮ್ಮ ಕಾದಂಬರಿಯಲ್ಲಿ ಸಾಯುವವನು ವೇದಿಕೆಯ ಮೇಲೆ ಭಾಷಣ ಮಾಡುವ ರಾಜಕಾರಣಿ. ಅವನಿಗಿಂತ ಮೊದಲು, ಅವನಿಗೆ ಅಂಕಿ ಅಂಶ ಒದಗಿಸಿದ ಯಾರೋ ಒಬ್ಬ ಲೆಕ್ಕಿಗನ ಜೀವ ಅಪಾಯದಲ್ಲಿರಬೇಕಾಗಿತ್ತು. ಕಥಾಸಾರದಲ್ಲಿ ನನಗೆ ಮುಖ್ಯವಾಗಿ ಕಂಡ ಕೊರತೆ ಇದು.

ಇಂಥ ಕೊಲೆಗಳಲ್ಲಿ ಗಮನಿಸಬೇಕಾದದ್ದು ಎರಡು ಮೊತ್ತಗಳ ನಡುವಿನ ಅಂತರ. ಮಾಲ್ಟಾ ದೇಶದ ಪತ್ರಕರ್ತೆ ಡಾಫ್ನೆ ಕರುವಾನಾ ಗಲಿಝಿಯಾ ಅಧಿಕಾರಸ್ಥರ ವಿದೇಶಿ ಕಂಪನಿಗಳ ಬಗ್ಗೆ ಬರೆಯುತ್ತಿದ್ದರು. 2017ರ ಅಕ್ಟೋಬರ್ 16ರಂದು ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೆ ಅವರ ಕಾರಿನಲ್ಲಿಟ್ಟ ಬಾಂಬು ಸಿಡಿಯಿತು. ಆ ಕೆಲಸಕ್ಕೆ ಕೊಟ್ಟ ಹಣ 1,50,000 ಯೂರೊ ಎಂದು ನ್ಯಾಯಾಲಯದ ಮುಂದೆ ಬಂತು. ಆಗಿನ ದರದಲ್ಲಿ ಒಂದು ಕೋಟಿ ರೂಪಾಯಿಯ ಆಸುಪಾಸು. ಕೃತ್ಯದಲ್ಲಿದ್ದ ಒಬ್ಬ 2021ರಲ್ಲಿ ತಪ್ಪೊಪ್ಪಿಕೊಂಡು 15 ವರ್ಷ, ಇಬ್ಬರು ಸೋದರರು 2022ರಲ್ಲಿ ತಪ್ಪೊಪ್ಪಿಕೊಂಡು ತಲಾ 40 ವರ್ಷ ಶಿಕ್ಷೆ ಪಡೆದರು. ಒಂದು ಊರಿನ ಒಳ್ಳೆಯ ಬಡಾವಣೆಯಲ್ಲಿ ಎರಡು ಸೈಟು ಕೊಳ್ಳುವಷ್ಟು ಹಣಕ್ಕೆ ಒಂದು ದೇಶದ ಅತ್ಯಂತ ಧೈರ್ಯದ ದನಿಯನ್ನು ಅಡಗಿಸಿದರು. ಕೊಲೆಯ ಕೂಲಿ ಯಾವಾಗಲೂ ಕಡಿಮೆಯೇ. ಆ ಕೊಲೆ ಕಾಯುವ ಗಂಟು ಮಾತ್ರ ಅದರ ನೂರು, ಸಾವಿರ ಪಟ್ಟು. ನಿಮ್ಮ ಹಂತಕ ಐದು ಕೋಟಿ ಡಾಲರ್ ಕೇಳುತ್ತಾನೆ. ಅದನ್ನು ದಯವಿಟ್ಟು ಬದಲಿಸಿ. ಅಷ್ಟು ದೊಡ್ಡ ಮೊತ್ತ ಓಡಾಡಿದರೆ ಅದೇ ಸುಳಿವಾಗುತ್ತದೆ. ಸಣ್ಣ ಮೊತ್ತ ದಿನನಿತ್ಯದ ಖರ್ಚಿನ ಬಾಬ್ತಿನಲ್ಲಿ ಮುಳುಗಿಹೋಗುತ್ತದೆ.

ಈ ಕೂಲಿಗೆ ‘ಸುಪಾರಿ’ ಎನ್ನುವ ಮಾತು ಮುಂಬಯಿಯಿಂದ ನಮ್ಮ ಪತ್ರಿಕೆಗಳಿಗೆ ಬಂತು. ಸುಪಾರಿ ಎಂದರೆ ಅಡಿಕೆಯೇ. ಚನ್ನಗಿರಿಯ ತೋಟಗಳಿಂದ ಭೀಮಸಮುದ್ರದ ಮಂಡಿಗಳ ತನಕ ನಮ್ಮ ಎರಡೂ ಜಿಲ್ಲೆಗಳ ಸಂಸಾರಗಳನ್ನು ಸಾಕುವ ಬೆಳೆಯ ಹೆಸರು ಕೊಲೆಯ ಮುಂಗಡಕ್ಕೆ ಅಂಟಿಕೊಂಡಿರುವುದು ನನಗೆ ಇಂದಿಗೂ ಸಂಕಟದ ವಿಷಯ. ಆದರೆ ಅದರ ಹಿಂದಿನ ರೂಢಿ ನಮಗೆ ಹೊಸದಲ್ಲ: ವೀಳ್ಯ ಕೊಟ್ಟು ಕೆಲಸ ಒಪ್ಪಿಸುವುದು, ವೀಳ್ಯ ತೆಗೆದುಕೊಂಡವನು ಮಾತಿಗೆ ಕಟ್ಟುಬೀಳುವುದು, ಯುದ್ಧಕ್ಕೆ ರಣವೀಳ್ಯ ಕಳುಹಿಸುವುದು ನಮ್ಮ ಕಾವ್ಯಗಳಲ್ಲೇ ಇದೆ. ಅಲ್ಲಿ ವೀಳ್ಯವನ್ನು ತುಂಬಿದ ಸಭೆಯಲ್ಲಿ ಕೊಡುತ್ತಿದ್ದರು. ಇಲ್ಲಿ ಕೊಡುವವನ ಕೈ ಕಾಣಿಸಬಾರದು, ಮತ್ತು ಆ ಕೈಯನ್ನು ಮರೆಮಾಡುವ ಕೆಲಸಕ್ಕೇ ಇಷ್ಟೆಲ್ಲ ಕಂಪನಿ, ಖಾತೆ, ವಕೀಲರು ಬೇಕಾಗುತ್ತಾರೆ.

ನಿಮ್ಮ ಕಥೆಯ ಬ್ಯಾಂಕಿಗೆ ಹತ್ತಿರದ ಮಾದರಿ ಬೇಕಾದರೆ ಬಿಸಿಸಿಐ ಎಂದು ಕರೆಯುತ್ತಿದ್ದ ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ಇದೆ. ಪಾಕಿಸ್ತಾನದ ಬ್ಯಾಂಕರ್ ಆಗಾ ಹಸನ್ ಅಬೇದಿ 1972ರಲ್ಲಿ ಕಟ್ಟಿದ ಈ ಬ್ಯಾಂಕು ಲಕ್ಸಂಬರ್ಗಿನಲ್ಲಿ ನೋಂದಣಿಯಾಗಿ, ಕೇಮನ್ ದ್ವೀಪದಲ್ಲಿ ಇನ್ನೊಂದು ಕಾಲಿಟ್ಟು, ಲಂಡನ್ನಿನಿಂದ ವ್ಯವಹಾರ ನಡೆಸುತ್ತ 70ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಮುಂಬಯಿಯಲ್ಲೂ ಶಾಖೆ ಇತ್ತು. ಬ್ಯಾಂಕು ಮುಚ್ಚಿದ ಮೇಲೆ ಅದನ್ನು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯೊಂದು ವಹಿಸಿಕೊಂಡಿತು. ಪನಾಮದ ಸೇನಾಧಿಪತಿ ನೊರಿಯೇಗಾನ ಹಣ ಅಲ್ಲಿತ್ತು. ಹಲವು ದೇಶಗಳಲ್ಲಿ ರಾಜಕೀಯ ಹತ್ಯೆಗಳನ್ನು ನಡೆಸಿದ ಅಬು ನಿದಾಲ್ ಸಂಘಟನೆಯ ಖಾತೆಗಳು ಅದರ ಲಂಡನ್ ಶಾಖೆಯಲ್ಲಿದ್ದವು. ಬೇಹುಗಾರಿಕೆ ಸಂಸ್ಥೆಗಳೂ ಅದರ ಮೂಲಕ ಹಣ ಕಳುಹಿಸುತ್ತಿದ್ದವು. ಲೆಕ್ಕ ಪರಿಶೋಧನೆಯ ದೃಷ್ಟಿಯಿಂದ ನನಗೆ ಬಹಳ ಮುಖ್ಯವಾಗಿ ಕಂಡದ್ದು ಒಂದೇ ಸಂಗತಿ: 1987ರ ತನಕ ಲಕ್ಸಂಬರ್ಗಿನ ಅರ್ಧಕ್ಕೆ ಒಬ್ಬ ಲೆಕ್ಕ ಪರಿಶೋಧಕರು, ಕೇಮನ್ನಿನ ಅರ್ಧಕ್ಕೆ ಮತ್ತೊಬ್ಬರು ಇದ್ದರು. ಪೂರ್ತಿ ಆನೆಯನ್ನು ಯಾರೂ ನೋಡದ ಹಾಗೆ ಏರ್ಪಾಡು ಮಾಡಲಾಗಿತ್ತು. ಎಡಗೈಯ ನಷ್ಟ ಬಲಗೈಯ ಪುಸ್ತಕಕ್ಕೆ, ಬಲಗೈಯದು ಎಡಗೈಗೆ. 1988ರಲ್ಲಿ ಅಮೆರಿಕದ ಸುಂಕ ಇಲಾಖೆಯ ರಾಬರ್ಟ್ ಮಜೂರ್ ಎಂಬ ಅಧಿಕಾರಿ ಕಳ್ಳಹಣದ ವ್ಯಾಪಾರಿಯ ವೇಷದಲ್ಲಿ ವರ್ಷಗಟ್ಟಲೆ ಅವರೊಳಗೆ ಬೆರೆತು, ತನ್ನದೇ ಮದುವೆಯೆಂದು ಸುಳ್ಳು ಆಮಂತ್ರಣ ಹಂಚಿ, ಫ್ಲಾರಿಡಾದ ಟಾಂಪಾ ನಗರಕ್ಕೆ ಬಂದ ಅತಿಥಿಗಳನ್ನು ಬಂಧಿಸುವ ಹಾಗೆ ಮಾಡಿದರು. ಆದರೂ ಬ್ಯಾಂಕು ಮುಚ್ಚಿದ್ದು 1991ರ ಜುಲೈ 5ರಂದು. ನಡುವೆ ಸುಮಾರು ಮೂರು ವರ್ಷ ಅದು ಠೇವಣಿ ಸ್ವೀಕರಿಸುತ್ತಲೇ ಇತ್ತು, ಅದರಲ್ಲಿ ಎಷ್ಟೋ ಬಡ ವಲಸಿಗರ ಉಳಿತಾಯವಿತ್ತು. ಆ ಮೂರು ವರ್ಷ ನಿಮ್ಮ ಕಾದಂಬರಿಗೆ ಬಹಳ ಮುಖ್ಯ. ಬಯಲಾಗುವುದಕ್ಕೂ ಬೀಗ ಬೀಳುವುದಕ್ಕೂ ನಡುವಿನ ಅವಧಿಯಲ್ಲೇ ದಾಖಲೆಗಳು ಸುಡುತ್ತವೆ, ಸಾಕ್ಷಿಗಳು ಊರು ಬಿಡುತ್ತಾರೆ.

ಸಿಂದೋನಾನ ಒಡನಾಡಿಯಾಗಿ ಬೆಳೆದ ರೊಬೆರ್ತೊ ಕಾಲ್ವಿಯ ಕಥೆಯನ್ನು ನೀವು ಕೇಳಿರಬಹುದು. ಮಿಲಾನ್‌ನ ಬಾಂಕೊ ಅಂಬ್ರೋಸಿಯಾನೊದ ಮುಖ್ಯಸ್ಥನಾಗಿದ್ದ ಅವನು ಪನಾಮ, ಲಕ್ಸಂಬರ್ಗ್ ಮುಂತಾದ ಕಡೆಯ ಹೆಸರಿಗಷ್ಟೇ ಇದ್ದ ಕಂಪನಿಗಳಿಗೆ ಸಾಲ ಹರಿಸಿದ, ಸುಮಾರು 1.3 ಬಿಲಿಯನ್ ಡಾಲರ್, ಅಂದರೆ 130 ಕೋಟಿ ಡಾಲರ್ ಲೆಕ್ಕಕ್ಕೆ ಸಿಗದೆ ಹೋಯಿತು. 1982ರ ಜೂನ್ 18ರ ಬೆಳಿಗ್ಗೆ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಕೆಳಗೆ ಅವನ ದೇಹ ನೇತಾಡುತ್ತಿತ್ತು; ಜೇಬುಗಳಲ್ಲಿ ಇಟ್ಟಿಗೆಯ ಚೂರುಗಳು, ನಾಲ್ಕಾರು ದೇಶದ ನೋಟುಗಳು. ಮೊದಲು ಆತ್ಮಹತ್ಯೆ ಎಂದರು, ಮರುವರ್ಷ ಹೇಗೆಂದು ಹೇಳಲಾಗದು ಎಂದರು, ಎರಡು ದಶಕಗಳ ನಂತರ ವಿಧಿವಿಜ್ಞಾನ ತಜ್ಞರು ಕೊಲೆ ಎಂದರು, 2007ರಲ್ಲಿ ರೋಮ್ ನ್ಯಾಯಾಲಯ ಐವರೂ ಆರೋಪಿಗಳನ್ನು ಬಿಡುಗಡೆ ಮಾಡಿತು.

ಸರ್ಕಾರಗಳೇ ಮಾಡಿಸುವ ಕೊಲೆಗಳ ದಾರಿ ಬೇರೆ. 1978ರ ಸೆಪ್ಟೆಂಬರ್ 7ರಂದು ಲಂಡನ್ನಿನ ವಾಟರ್ಲೂ ಸೇತುವೆಯ ಬಳಿ ಬಲ್ಗೇರಿಯಾದ ಭಿನ್ನಮತೀಯ ಲೇಖಕ ಗಿಯೋರ್ಗಿ ಮಾರ್ಕೊವ್ ಅವರ ತೊಡೆಗೆ ಏನೋ ಚುಚ್ಚಿದಂತಾಗಿ, ನಾಲ್ಕನೆಯ ದಿನ ಪ್ರಾಣ ಹೋಯಿತು; ಸಾಸಿವೆ ಕಾಳಿನ ಗಾತ್ರದ ಲೋಹದ ಗುಂಡು ದೇಹದಲ್ಲಿ ಸಿಕ್ಕಿತು. ಅದರಲ್ಲಿದ್ದದ್ದು ಔಡಲ ಬೀಜದಿಂದ ಬರುವ ವಿಷವೆಂದು ತಜ್ಞರು ತರ್ಕಿಸಿದರು. 2006ರಲ್ಲಿ ರಷ್ಯಾದ ಮಾಜಿ ಗುಪ್ತಚರ ಅಧಿಕಾರಿ ಅಲೆಕ್ಸಾಂಡರ್ ಲಿಟ್ವಿನೆಂಕೊ ಲಂಡನ್ನಿನ ಹೋಟೆಲಿನಲ್ಲಿ ಕುಡಿದ ಚಹಾದಲ್ಲಿ ಪೊಲೋನಿಯಂ ಎಂಬ ವಿಕಿರಣ ಸೂಸುವ ವಿಷ ಇತ್ತು. ಅದನ್ನು ತಂದವರು ಹೋದಲ್ಲೆಲ್ಲ ವಿಕಿರಣದ ಗುರುತು ಬಿಟ್ಟ ಕಾರಣ ತನಿಖೆಯವರಿಗೆ ಹಂತಕರ ದಾರಿ ನಕ್ಷೆ ಬರೆದಂತೆ ಕಂಡಿತು. ಇಂಥ ಕೊಲೆಗಳಿಗೆ ಹಣ ಸರ್ಕಾರಿ ಖಜಾನೆಯಿಂದ ಬರುವುದರಿಂದ ಬ್ಯಾಂಕಿನವರಿಗೆ ಕಾಣುವುದು ಕಡಿಮೆ. ನಿಮ್ಮ ಕಥೆ ಬ್ಯಾಂಕಿನದು. ವಿಷದ ಬಾಟಲಿಯನ್ನು ಅದರಿಂದ ತೆಗೆದರೆ ನಷ್ಟವಿಲ್ಲ.

ಈಗ ಹಣ ಹೇಗೆ ಸಾಗುತ್ತದೆ ಎಂಬುದಕ್ಕೆ ಬರೋಣ. ನೀವು ದುರ್ಗದವರು, ಏಳು ಸುತ್ತಿನ ಕೋಟೆಯನ್ನು ಕಂಡು ಬೆಳೆದವರು. ಕಳ್ಳಹಣಕ್ಕೂ ಅದರ ಒಡೆಯ ಅಂಥದೇ ಕೋಟೆ ಕಟ್ಟುತ್ತಾನೆ. ಮೊದಲ ಕೆಲಸ ನಗದನ್ನು ಹೇಗಾದರೂ ಬ್ಯಾಂಕಿನ ಒಳಕ್ಕೆ ತರುವುದು. ಎರಡನೆಯದು ಸುತ್ತಿನ ಮೇಲೆ ಸುತ್ತು ಹಾಕಿ ಮೂಲ ಮರೆಸುವುದು. ಮೂರನೆಯದು ಹೊರಗೆ ತೆಗೆದು ಕಟ್ಟಡ, ಜಮೀನು, ಷೇರು ಎಂದು ಗೌರವದ ರೂಪ ಕೊಡುವುದು. ಸಿನಿಮಾದ ಸೂಟ್‌ಕೇಸು ಮೊದಲ ಹಂತದಲ್ಲೇ ಸೋಲುತ್ತದೆ. ನಗದು ಕೌಂಟರಿನಲ್ಲಿ ಕೂತವರಿಗೆ ಹಣದ ಭಾರ ಗೊತ್ತು: ಒಂದು ಕೋಟಿ ರೂಪಾಯಿ ಐನೂರರ ನೋಟಿನಲ್ಲಿ ಇಪ್ಪತ್ತು ಸಾವಿರ ನೋಟು, ನೂರರ ಇನ್ನೂರು ಕಟ್ಟು, ಹತ್ತು ಲಕ್ಷ ಡಾಲರ್ ನೂರರ ನೋಟಿನಲ್ಲಿ ಹತ್ತು ಕಿಲೊ ತೂಗುತ್ತದೆ. ಇದೇ ಕಾರಣಕ್ಕೆ ಅಪರಾಧಿಗಳಿಗೆ ಪ್ರಿಯವಾಗಿದ್ದ 500 ಯೂರೊ ನೋಟನ್ನು ಮುದ್ರಿಸುವುದನ್ನು ಯುರೋಪಿನ ಕೇಂದ್ರ ಬ್ಯಾಂಕು ನಿಲ್ಲಿಸಿತು.

ಸುತ್ತು ಹಾಕುವ ಕೆಲಸದಲ್ಲಿ ಬಹುಪಾಲು ಸಾಧನ ಕಾಗದವೇ. ವಿದೇಶಿ ವ್ಯಾಪಾರದಲ್ಲಿ ಬಿಲ್ಲಿನ ದರ ಏರಿಸಿ ಇಳಿಸಿದರೆ ಸರಕಿನ ಹೆಸರಿನಲ್ಲಿ ಹಣ ಗಡಿ ದಾಟುತ್ತದೆ. ಅಡಿಕೆಯನ್ನೇ ನೋಡಿ: ಕಿಲೊಗೆ 351 ರೂಪಾಯಿಗಿಂತ ಕಡಿಮೆ ದರದ ಆಮದು ಸಲ್ಲದೆಂದು 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ದರಕ್ಕೆ ಒಂದು ಗೆರೆ ಎಳೆದಾಗ, ಕಡಿಮೆಗೆ ಕೊಂಡ ಮಾಲಿಗೆ ಗೆರೆಯ ಮೇಲಿನ ಬೆಲೆ ಬರೆಯುವ ಆಸೆ ಹುಟ್ಟುತ್ತದೆ, ಆ ಎರಡರ ನಡುವಿನ ಹಣ ಎಲ್ಲಿ ಹೋಯಿತೆಂದು ಬಿಲ್ಲು ಹೇಳುವುದಿಲ್ಲ. ನಿಮ್ಮ ಶಸ್ತ್ರ ವ್ಯಾಪಾರಿ ಹಡಗಿನಲ್ಲಿ ಬಂದೂಕು ಕಳುಹಿಸಿ ಬಿಲ್ಲಿನಲ್ಲಿ ಯಂತ್ರದ ಬಿಡಿಭಾಗ ಎಂದು ಬರೆಯಲಿ. ಅವನಿಗೆ ಸಾಲಪತ್ರ, ಅಂದರೆ ಮಾಲಿನ ಹಣಕ್ಕೆ ಬ್ಯಾಂಕೇ ಹೊಣೆ ನಿಲ್ಲುವ ಲೆಟರ್ ಆಫ್ ಕ್ರೆಡಿಟ್, ತೆರೆದುಕೊಟ್ಟ ಅಧಿಕಾರಿಯ ಮೇಜಿನ ಮೇಲೆ ಆ ಬಿಲ್ಲು ಇರಲಿ.

ಬೇನಾಮಿ ಎಂಬ ಪದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಅದೇ ಪದ್ಧತಿ ಅಂತರರಾಷ್ಟ್ರೀಯವಾದಾಗ ಶೆಲ್ ಕಂಪನಿ ಎನ್ನಿಸಿಕೊಳ್ಳುತ್ತದೆ: ಒಂದು ದ್ವೀಪದಲ್ಲಿ ನೋಂದಣಿ, ಇನ್ನೊಂದು ದೇಶದಲ್ಲಿ ಖಾತೆ, ಮೂರನೆಯ ದೇಶದ ಬಾಡಿಗೆ ನಿರ್ದೇಶಕ. ಡೆನ್ಮಾರ್ಕಿನ ಡಾನ್ಸ್‌ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ವಿದೇಶಿ ಗ್ರಾಹಕರ ಖಾತೆಗಳ ಮೂಲಕ 2007ರಿಂದ 2015ರ ನಡುವೆ ಸುಮಾರು 200 ಬಿಲಿಯನ್ ಯೂರೊ, ಅಂದರೆ 20,000 ಕೋಟಿ ಯೂರೊ ಹರಿಯಿತು; ಅದರ ಬಹುಪಾಲು ಸಂಶಯಾಸ್ಪದವೆಂದು ಬ್ಯಾಂಕೇ ಮುಂದೆ ಒಪ್ಪಿಕೊಂಡಿತು. ಅದನ್ನು ಹೊರಗೆಳೆದ ಹೊವರ್ಡ್ ವಿಲ್ಕಿನ್ಸನ್ ಅದೇ ಬ್ಯಾಂಕಿನ ಉದ್ಯೋಗಿ. ಅವರು ಬೇಲಿ ಹಾರಲಿಲ್ಲ, ಕಂಪ್ಯೂಟರ್ ಭೇದಿಸಲಿಲ್ಲ. ಬ್ರಿಟನ್ನಿನಲ್ಲಿ ನೋಂದಣಿಯಾದ ಒಬ್ಬ ಗ್ರಾಹಕರ ಸಂಸ್ಥೆ ಅಲ್ಲಿನ ನೋಂದಣಿ ಕಚೇರಿಗೆ ಸಲ್ಲಿಸಿದ, ಯಾರು ಬೇಕಾದರೂ ನೋಡಬಹುದಾದ ವಾರ್ಷಿಕ ಲೆಕ್ಕವನ್ನು ತೆರೆದು ನೋಡಿದರು. ವ್ಯವಹಾರವೇ ಇಲ್ಲ ಎಂದು ಅಲ್ಲಿ ಬರೆದಿತ್ತು. ಬ್ಯಾಂಕಿನ ಖಾತೆಯಲ್ಲಿ ಅದೇ ಸಂಸ್ಥೆಯ ಹೆಸರಿನಲ್ಲಿ ದೊಡ್ಡ ಮೊತ್ತಗಳು ಓಡಾಡುತ್ತಿದ್ದವು. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು, ಅಷ್ಟೇ. 2013ರ ಕೊನೆಗೆ ಅವರು ಬರೆದ ದೂರನ್ನು ಮೇಲಿನವರು ಗಂಭೀರವಾಗಿ ತೆಗೆದುಕೊಳ್ಳಲು ವರ್ಷಗಳೇ ಹಿಡಿದವು. ಹೈದರಾಲಿಯ ಕಡೆಯವರು ಮೊಸರು ಮಾರುವ ಹೆಂಗಸು ನುಸುಳಿದ ಕಿಂಡಿಯನ್ನು ಕಂಡರೆಂದು ದುರ್ಗದಲ್ಲಿ ಹೇಳುವ ಕಥೆಯ ಹಾಗೆ, ಎಷ್ಟೇ ಸುತ್ತು ಕಟ್ಟಿದರೂ ಎಲ್ಲೋ ಒಂದು ಕಡೆ ಎರಡು ಕಲ್ಲು ಸರಿಯಾಗಿ ಕೂಡಿರುವುದಿಲ್ಲ. ಲೆಕ್ಕ ನೋಡುವವನಿಗೆ ಬೇಕಾದದ್ದು ಆ ಸಂದು.

ನಾನು ಕಂಡ ಒಂದು ಸಂದನ್ನು ಹೇಳುತ್ತೇನೆ; ಸಣ್ಣದು, ಆದರೆ ಕಣ್ಣಾರೆ ಕಂಡದ್ದು. ಕಂಪ್ಯೂಟರ್ ಇನ್ನೂ ಬಾರದ ಕಾಲದಲ್ಲಿ ದಾವಣಗೆರೆಯ ಒಂದು ಶಾಖೆಯ ತಪಾಸಣೆಗೆ ಹೋಗಿದ್ದೆ. ದಿನದ ಚಲನ್ನುಗಳನ್ನು ದಬ್ಬಣದಿಂದ ಹೊಲಿದು ಕಟ್ಟು ಮಾಡಿಡುತ್ತಿದ್ದ ದಿನಗಳು ಅವು. ಕಟ್ಟು ಬಿಚ್ಚಿ ಒಂದೊಂದೇ ತಿರುವುತ್ತಿದ್ದಾಗ ಏಳು ಎಂಬ ಅಂಕಿಯ ನಡುವೆ ಅಡ್ಡಗೆರೆ ಎಳೆದ ಬರವಣಿಗೆ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ನಮ್ಮ ಕಡೆ ಏಳಕ್ಕೆ ಅಡ್ಡಗೆರೆ ಹಾಕುವವರು ಅಪರೂಪ. ಆ ಚಲನ್ನುಗಳನ್ನೆಲ್ಲ ಬೇರೆ ಇಟ್ಟು ನೋಡಿದರೆ ಹನ್ನೊಂದು ಬೇರೆ ಬೇರೆ ಹೆಸರು, ಹನ್ನೊಂದು ಉಳಿತಾಯ ಖಾತೆ, ಒಂದೇ ಕೈಬರಹ, ಒಂದೇ ನೀಲಿ ಶಾಯಿ. ವಿಳಾಸಗಳು ಮಂಡಕ್ಕಿ ಭಟ್ಟಿಯ ಕಡೆಯವು. ಅಲ್ಲಿಗೆ ಹೋಗಿ ಒಬ್ಬ ಹೆಂಗಸನ್ನು ಕೇಳಿದೆ. ಭಟ್ಟಿಯ ಮುಂದೆ ಕಾದ ಮರಳಿನ ಬಾಣಲೆಯಿಂದ ಕೈ ತೆಗೆಯದೆ ಆಕೆ, ‘ಸಾಲ ಕೊಡಿಸ್ತೀವಿ ಅಂದಿದ್ರು ಸಾರ್, ಹೆಬ್ಬೆಟ್ಟು ಒತ್ತಿದ್ದೆ ಅಷ್ಟೇ’ ಎಂದಳು. ಆಕೆಯ ಹೆಸರಿನಲ್ಲಿ ಆಗ ಬ್ಯಾಂಕಿನಲ್ಲಿದ್ದ ಹಣವನ್ನು ಆಕೆ ತನ್ನ ಜೀವಮಾನದಲ್ಲಿ ದುಡಿದಿರಲಾರಳು. ಅದು ತೆರಿಗೆ ತಪ್ಪಿಸಲು ಒಬ್ಬ ವರ್ತಕ ಹೂಡಿದ ಉಪಾಯ. ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಪನಾಮದ ಬಾಡಿಗೆ ನಿರ್ದೇಶಕನ ಸಹಿಯನ್ನು ಕುರಿತು ಓದುವಾಗಲೆಲ್ಲ ನನಗೆ ಆಕೆಯ ಮಸಿ ಹಿಡಿದ ಹೆಬ್ಬೆಟ್ಟು ನೆನಪಾಗುತ್ತದೆ. ಯಂತ್ರ ಒಂದೇ.

ಇನ್ನು ನಿಮ್ಮ ಕಥಾಸಾರದ ಎರಡು ತಪ್ಪುಗಳು. ಸ್ವಿಸ್ ಬ್ಯಾಂಕಿನ ಸಂಖ್ಯಾ ಖಾತೆ ಎಂದರೆ ಒಡೆಯನಿಲ್ಲದ ಖಾತೆ ಎಂದು ನೀವು ತಿಳಿದಿದ್ದೀರಿ. ಹಾಗಲ್ಲ, ಒಡೆಯ ಯಾರೆಂದು ಬ್ಯಾಂಕಿಗೆ ಗೊತ್ತಿರುತ್ತದೆ, ಕಾಗದಪತ್ರಗಳಲ್ಲಿ ಹೆಸರಿನ ಬದಲು ಸಂಖ್ಯೆ ಇರುತ್ತದೆ, ಹೆಸರು ಕೆಲವೇ ಸಿಬ್ಬಂದಿಗೆ ತಿಳಿದಿರುತ್ತದೆ. ಸಂಖ್ಯೆ ಸಿಕ್ಕಿದವನಿಗೆ ಬಾಗಿಲು ತೆರೆಯುವುದಿಲ್ಲ. ಅಲ್ಲದೆ 2019ರ ಸೆಪ್ಟೆಂಬರಿನಿಂದ ಸ್ವಿಟ್ಜರ್ಲೆಂಡ್ ಭಾರತೀಯರ ಖಾತೆಗಳ ವಿವರವನ್ನು ಭಾರತ ಸರ್ಕಾರಕ್ಕೆ ವರ್ಷವರ್ಷವೂ ಕೊಡುತ್ತಿದೆ. ನಿಮ್ಮ ಕಥೆ ಇಂದಿನದಾದರೆ ಜಾಣನಾದ ಖಳ ಸ್ವಿಸ್ ಖಾತೆಯಲ್ಲಿ ತನ್ನ ಹೆಸರಿಡುವುದಿಲ್ಲ. ಕಂಪನಿಯ ಹಿಂದೆ ಟ್ರಸ್ಟ್, ಟ್ರಸ್ಟಿನ ಹಿಂದೆ ಇನ್ನೊಂದು ಕಂಪನಿ ಇರುತ್ತದೆ.

ಡೈರಿಯದು ಇನ್ನೂ ದೊಡ್ಡ ತೊಡಕು. 1991ರಲ್ಲಿ ದೆಹಲಿಯಲ್ಲಿ ಉಗ್ರರಿಗೆ ಹವಾಲಾ ಮೂಲಕ ಬರುತ್ತಿದ್ದ ಹಣದ ಜಾಡು ಹಿಡಿದು ಹೋದ ಸಿಬಿಐಗೆ ವ್ಯಾಪಾರಿಗಳ ಮನೆಯಲ್ಲಿ ಡೈರಿ, ಬಿಡಿ ಹಾಳೆಗಳು ಸಿಕ್ಕಿದವು. ಅವುಗಳಲ್ಲಿ ದೊಡ್ಡ ರಾಜಕಾರಣಿಗಳದೆನ್ನಲಾದ ಹೆಸರಿನ ಮೊದಲಕ್ಷರಗಳೂ ಮೊತ್ತಗಳೂ ಇದ್ದವು. ದೇಶವೇ ನಡುಗಿತು. 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಬಿಡಿ ಹಾಳೆಗಳು ಲೆಕ್ಕದ ಪುಸ್ತಕವಾಗುವುದಿಲ್ಲ. ನಿಯತವಾಗಿ ಬರೆದಿಟ್ಟ ಲೆಕ್ಕದ ಪುಸ್ತಕದ ನಮೂದು ಕೂಡ ತಾನೊಂದೇ ಯಾರ ಮೇಲೂ ಹೊಣೆ ಹೊರಿಸಲು ಸಾಲದು, ಬೇರೆ ಆಧಾರ ಬೇಕು. ಮಂಡಿಪೇಟೆಯ ಯಾವುದೇ ಹಳೆಯ ದಲಾಲಿ ಅಂಗಡಿಯ ಗುಮಾಸ್ತರಿಗೆ ಈ ವ್ಯತ್ಯಾಸ ಗೊತ್ತು: ದಿನದಿನದ ಕಿರ್ದಿಗೆ ಇರುವ ಮರ್ಯಾದೆ ಜೇಬಿನ ಚೀಟಿಗೆ ಇಲ್ಲ. ಆದ್ದರಿಂದ ನಿಮ್ಮ ನಾಯಕನಿಗೆ ಡೈರಿ ಸಿಗುವುದು ಕಥೆಯ ಕೊನೆಯಾಗಬಾರದು, ನಡುವಾಗಬೇಕು. ಅಲ್ಲಿಂದ ಮುಂದೆ ಒಂದೊಂದು ನಮೂದಿಗೂ ಹೊಂದುವ ಚೆಕ್ಕು, ಹೋಟೆಲ್ ಬಿಲ್ಲು, ವಿಮಾನದ ಟಿಕೆಟ್ಟು ಹುಡುಕುವುದೇ ಅವನ ಕೆಲಸ.

ಕೊಂದವನಿಂದ ಕೊಲ್ಲಿಸಿದವನಿಗೆ ತಲುಪುವ ದಾರಿ ಸಾಮಾನ್ಯವಾಗಿ ನಡುವಿನವನ ಮೂಲಕ ಹಾದುಹೋಗುತ್ತದೆ. ಮಾಲ್ಟಾದಲ್ಲಿ ಹಣ ಮುಟ್ಟಿಸಿದ ಮಧ್ಯವರ್ತಿ ತನ್ನ ಜೀವಕ್ಕೆ ಹೆದರಿ ಮಾತುಕತೆಗಳನ್ನು ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದ. 2019ರಲ್ಲಿ ಕ್ಷಮಾದಾನ ಪಡೆದು ಸಾಕ್ಷಿಯಾದ. ಕೆಲವೊಮ್ಮೆ ಯಾರೂ ಎಣಿಸದ ವಸ್ತು ಉಳಿದುಬಿಡುತ್ತದೆ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದಾಗ, ಕೊಲೆಗಾರರೇ ಕರೆತಂದಿದ್ದ ಛಾಯಾಗ್ರಾಹಕ ಸತ್ತ, ಅವನ ಕ್ಯಾಮೆರಾ ಉಳಿಯಿತು. ಅದರ ಹತ್ತು ಚಿತ್ರಗಳಿಂದ ತನಿಖೆ ಬೆಳೆದು, ಮೂರು ತಿಂಗಳ ನಂತರ ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ ಸಂಚುಗಾರರು ಅಡಗಿದ್ದ ಮನೆಯ ತನಕ ಬಂತು. ಸಾಕ್ಷಿ ಇಟ್ಟುಕೊಳ್ಳುವ ಆಸೆ ಅಪರಾಧಿಗಳಿಗೂ ಇರುತ್ತದೆ. ಅದು ಒಬ್ಬರನ್ನೊಬ್ಬರು ನಂಬದವರ ಸ್ವಭಾವ.

ಗಡಿಯಾರದ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮ ಹಣ ಭಾನುವಾರ ಮಧ್ಯಾಹ್ನ ಢಾಕಾದಿಂದ ಜ್ಯೂರಿಕ್‌ಗೆ ನಿಮಿಷದಲ್ಲಿ ಹಾರುತ್ತದೆ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ ಹಣ ಕದ್ದವರು ಆರಿಸಿಕೊಂಡದ್ದು ಗುರುವಾರದ ರಾತ್ರಿಯನ್ನು: ಶುಕ್ರವಾರ, ಶನಿವಾರ ಢಾಕಾಗೆ ರಜೆ, ಶನಿವಾರ, ಭಾನುವಾರ ನ್ಯೂಯಾರ್ಕಿಗೆ ರಜೆ, ಸೋಮವಾರ ಚೀನೀ ಹೊಸ ವರ್ಷದ ಪ್ರಯುಕ್ತ ಮನಿಲಾಗೆ ರಜೆ. 35 ಆದೇಶಗಳಲ್ಲಿ 95 ಕೋಟಿ ಡಾಲರ್ ಕೇಳಿದ್ದರು, 8.1 ಕೋಟಿ ಡಾಲರ್ ಮನಿಲಾ ತಲುಪಿ ಜೂಜಿನ ಮನೆಗಳಲ್ಲಿ ಕರಗಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ನಿಂತದ್ದು ‘ಫೌಂಡೇಶನ್’ ಪದದ ಕಾಗುಣಿತ ತಪ್ಪಿದ್ದರಿಂದ. ಪಾಠ ಮಾಡುವ ನೀವು ಇದನ್ನು ಬಿಡಬೇಡಿ.

ಕೊನೆಯದಾಗಿ ನಿಮ್ಮ ನಾಯಕ. ಅವನಿಗೆ ಕರಾಟೆ ಕಲಿಸಿದ್ದೀರಿ, ಅದು ಬೇಡ. ಬ್ಯಾಂಕಿನಲ್ಲಿ ಶಂಕಾಸ್ಪದ ವಹಿವಾಟಿನ ವರದಿ ಬರೆಯುವವನಿಗೆ ಕಾನೂನು ಹೊರಿಸುವ ಭಾರವನ್ನು ಅವನ ಮೇಲೆ ಹೊರಿಸಿ. ನಮ್ಮಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2005ರ ಜುಲೈ 1ರಂದು ಜಾರಿಗೆ ಬಂದ ಮೇಲೆ, ಹತ್ತು ಲಕ್ಷ ರೂಪಾಯಿ ಮೀರಿದ ನಗದು ವಹಿವಾಟಿನ ವಿವರವೂ, ಮೊತ್ತ ಎಷ್ಟೇ ಇದ್ದರೂ ಅನುಮಾನ ಬಂದ ವಹಿವಾಟಿನ ವರದಿಯೂ ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಹೋಗಬೇಕು. ಬ್ರಿಟನ್ನಿನಲ್ಲೂ ಅಂಥದೇ ವ್ಯವಸ್ಥೆ ಇದೆ. ಎರಡೂ ಕಡೆ ಕಟ್ಟುನಿಟ್ಟಾದ ಒಂದು ನಿಯಮವುಂಟು: ವರದಿ ಹೋಗಿದೆ ಎಂಬುದು ಆ ಗ್ರಾಹಕನಿಗೆ ಯಾವ ರೀತಿಯಲ್ಲೂ ತಿಳಿಯಬಾರದು. ಮುಖದಲ್ಲಿ ಬದಲಾವಣೆ ಕಾಣಬಾರದು. ಖಾತೆಯನ್ನು ಏಕಾಏಕಿ ನಿಲ್ಲಿಸಿದರೂ ಸುಳಿವು ಕೊಟ್ಟಂತೆ. ಮನೆಯಲ್ಲಿ ಹೆಂಡತಿಗೂ ಹೇಳುವ ಹಾಗಿಲ್ಲ.

ಒಂದು ಗುರುವಾರ ಸಂಜೆ ನಾನು ಅಂಥ ವರದಿಯೊಂದನ್ನು ಮುಗಿಸಿ ಕಳುಹಿಸಿದ್ದೆ. ಶುಕ್ರವಾರ ಬೆಳಿಗ್ಗೆ ಆ ಗ್ರಾಹಕರೇ ಬಂದರು, ಜೊತೆಗೆ ಅವರ ಮನೆಯವರು. ಮಗಳ ಮದುವೆ, ಅರಿಶಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆಯನ್ನು ಎರಡೂ ಕೈಯಿಂದ ಕೊಟ್ಟು, ‘ಅಕ್ಕೋರನ್ನೂ ಕರ್ಕೊಂಡು ಮುಂಚೇನೇ ಬರ್ಬೇಕು ಸಾರ್’ ಎಂದರು. ನಾನು ಎದ್ದು ನಿಂತು ತೆಗೆದುಕೊಂಡೆ, ಕಾಫಿ ತರಿಸಿದೆ, ಮುಹೂರ್ತ ಎಷ್ಟು ಗಂಟೆಗೆ ಎಂದು ವಿಚಾರಿಸಿದೆ. ಅವರು ಹೋದ ಮೇಲೆ ಲಗ್ನಪತ್ರಿಕೆಯನ್ನು ಮೇಜಿನ ಖಾನೆಯಲ್ಲಿಟ್ಟೆ. ಅದೇ ಖಾನೆಯಲ್ಲಿ ಹಿಂದಿನ ದಿನದ ವರದಿಯ ಕರಡು ಇತ್ತು, ಅದರ ಮೇಲೆ ಅವರದೇ ಹೆಸರು. ನಿಮ್ಮ ನಾಯಕನನ್ನು ಆ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಕೊಲ್ಲಿಸಿದವನನ್ನು ಕೂರಿಸಿ, ಇಬ್ಬರ ಕೈಗೂ ಕಾಫಿ ಕೊಟ್ಟು ಆ ಅಧ್ಯಾಯವನ್ನು ಮತ್ತೆ ಬರೆಯಿರಿ.